ಬ್ಲಾಕ್ ಚೈನ್‌ಮನ್ ಬೆಳ್ಳಪ್ಪನವರ ಸಲಹೆ

ಬೆಳ್ಳಪ್ಪನವರು ತಮ್ಮ ಹುದ್ದೆಯ ಹೆಸರಿಗೆ ‘ಬ್ಲಾಕ್’ ಎಂಬ ಒಂದೇ ಒಂದು ಮಾತನ್ನು ಅಂಟಿಸಿಕೊಂಡದ್ದು ಲೋಕಕ್ಕೆ ಮೋಸ ಮಾಡಬೇಕೆಂದಲ್ಲ. ಲೋಕಕ್ಕೆ ಮೋಸ ಮಾಡುವಷ್ಟು ಚುರುಕು ಅವರಿಗಿದ್ದಿದ್ದರೆ ಸರ್ವೆ ಇಲಾಖೆಯಲ್ಲಿ ಚೈನ್‌ಮನ್ ಆಗಿ ಸೇರಿ, ಚೈನ್‌ಮನ್ ಆಗಿಯೇ ನಿವೃತ್ತರಾಗುತ್ತಿರಲಿಲ್ಲ.

ಚೈನ್‌ಮನ್ ಎಂದರೆ ಸರಪಳಿ ಎಳೆಯುವವನು. ಸರ್ವೇಯರ್ ಸಾಹೇಬರು ಛತ್ರಿಯಡಿ ನಿಂತು ‘ಹ್ಞೂಂ’ ಅಂದ ಕೂಡಲೇ ಕಬ್ಬಿಣದ ಸರಪಳಿಯ ತುದಿ ಹಿಡಿದು ಮುಳ್ಳು, ಕೆಸರು, ರಕ್ತ ಹೀರುವ ಉಂಬಳ ಯಾವುದನ್ನೂ ನೋಡದೆ ನೇರ ನುಗ್ಗುವುದು ಅವನ ಕೆಲಸ. ಗಡಿಯ ಬಾಂದುಕಲ್ಲು ಸಿಕ್ಕಿದರೆ ‘ಇಲ್ಲಿದೆ ಸಾರ್’ ಎಂದು ಕೂಗಬೇಕು. ಇಡೀ ಸೇವಾವಧಿಯಲ್ಲಿ ಬೆಳ್ಳಪ್ಪನವರು ಸರ್ಕಾರಕ್ಕೆ ಹೇಳಿದ ಮಾತು ಅದೊಂದೇ. ಸರ್ಕಾರವೂ ಅವರಿಂದ ಬೇರೆ ಯಾವ ಮಾತನ್ನೂ ಬಯಸಲಿಲ್ಲ.

ಮಗಳು ದೀಪಶ್ರೀಗೆ ಗಂಡು ನೋಡುವ ಕಾಲ ಬರುವವರೆಗೂ ಇದರಲ್ಲಿ ಅವರಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ಆದರೆ ಮೊದಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಕೈ ತೊಳೆಯುವಾಗ ‘ಚೈನ್ ಎಳೆಯೋರ ಮನೆ, ಬಿಡಿ’ ಎಂದು ತಮ್ಮತಮ್ಮಲ್ಲೇ ಅಂದದ್ದು ಬಚ್ಚಲಿನ ಕಿಟಕಿಯಿಂದ ಸೀದಾ ಇವರ ಕಿವಿಗೆ ಬಿತ್ತು. ದೀಪಶ್ರೀ ಸಾಗರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಎಂಥ ಡಾಕ್ಟರ ಕೈಬರಹವನ್ನೂ ಓದಿ ದಕ್ಕಿಸಿಕೊಂಡವಳು. ‘ಹೋಗ್ಲಿ ಬಿಡಪ್ಪ, ಉಪ್ಪಿಟ್ಟು ಹೆಚ್ಚಾಗಿತ್ತು, ಖರ್ಚಾಯ್ತು’ ಎಂದು ನಕ್ಕಳು. ಬೆಳ್ಳಪ್ಪನವರಿಗೆ ನಗು ಬರಲಿಲ್ಲ. ತಾನು ಎಳೆದ ಸರಪಳಿ ಮಗಳ ಕಾಲಿಗೆ ತೊಡರಿಕೊಂಡಿತಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಯಿತು.

ಮಾರನೆಯ ದಿನ ಅವರು ಪೇಟೆಯ ಬೋರ್ಡುಗಳನ್ನು ಅಭ್ಯಾಸ ಮಾಡುತ್ತ ನಡೆದರು. ಶಾಲೆಗಳ ಸಾಹೇಬರ ಬೋರ್ಡಿನಲ್ಲಿ ಬ್ಲಾಕ್ ಇತ್ತು. ಪಕ್ಷದ ಅಧ್ಯಕ್ಷರ ಬೋರ್ಡಿನಲ್ಲೂ ಬ್ಲಾಕ್ ಇತ್ತು. ಬ್ಲಾಕ್ ಇದ್ದ ಕಡೆಯಲ್ಲೆಲ್ಲ ಎದುರಿಗೆ ಒಂದು ಜೀಪು ನಿಂತಿತ್ತು. ಬೆಳ್ಳಪ್ಪನವರು ಒಂದು ಚೀಟಿಯ ಮೇಲೆ ‘ತಂದೆ: ನಿವೃತ್ತ ಬ್ಲಾಕ್ ಚೈನ್‌ಮನ್’ ಎಂದು ಬರೆದು, ಮಗಳ ಬಯೋಡಾಟಾ ಟೈಪ್ ಮಾಡಿಸಲು ರಂಜನಾಳ ಡಿಟಿಪಿ ಅಂಗಡಿಗೆ ಹೋದರು.

ರಂಜನಾ ಕೆಲಸದಲ್ಲಿ ಬಹಳ ಚುರುಕು. ಗಿರಾಕಿ ಬರೆದದ್ದನ್ನಷ್ಟೇ ಅಲ್ಲ, ಬರೆಯಬೇಕಾಗಿದ್ದದ್ದನ್ನೂ ಟೈಪ್ ಮಾಡುತ್ತಿದ್ದಳು. ಹಾಳೆ ಹೊರಬಂದಾಗ ಅದರಲ್ಲಿ ‘ತಂದೆ: ನಿವೃತ್ತ ಬ್ಲಾಕ್‌ಚೈನ್ ಮ್ಯಾನೇಜರ್’ ಎಂದಿತ್ತು.

“ಇದೆಂತದು?” ಎಂದರು ಬೆಳ್ಳಪ್ಪ.

“ನೀವು ‘ಮನ್’ ಅಂತ ಅರ್ಧಕ್ಕೇ ನಿಲ್ಸಿದ್ರಿ ಅಂಕಲ್. ನಾನೇ ಪೂರ್ತಿ ಮಾಡಿದೀನಿ. ಎಷ್ಟು ಕಾಪಿ ಬೇಕು?”

ತಿದ್ದಿಸಬೇಕೆಂದು ಬೆಳ್ಳಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಇನ್ನೊಂದು ಸಲ ಅದನ್ನು ಓದಿತು. ಓದಲು ಬಹಳ ಚೆನ್ನಾಗಿತ್ತು. ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಹೇಗೆಂದು ತಿಳಿಯದೆ “ಹತ್ತು” ಎಂದುಬಿಟ್ಟರು.

ಆ ಹತ್ತರಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಪೈಪು, ಪೇಂಟು, ಮೊಳೆ ಮಾರುವ ಮಂಜುನಾಥಪ್ಪನವರ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹೋಗಿ ಕೂತಿತು. ಅವರ ಮಗ ಯೋಗರಾಜ್ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವವನು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದರು. ಬೆಳ್ಳಪ್ಪನವರು ಬಚ್ಚಲಿನ ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿದ್ದರು. ಒಳಗಿನಿಂದ ‘ಒಳ್ಳೇ ಜನ’ ಎಂಬ ಎರಡು ಮಾತು ಕೇಳಿಸಿತು. ಹುಡುಗ ಹುಡುಗಿ ಹಿತ್ತಿಲಲ್ಲಿ ಮಾತಾಡಲು ಹೋದವರು ಬರುವಷ್ಟರಲ್ಲಿ ಕಾಫಿಯನ್ನು ಎರಡು ಸಲ ಬಿಸಿ ಮಾಡಬೇಕಾಯಿತು. ಅವರೆಲ್ಲ ಹೋದ ಮೇಲೆ ದೀಪಶ್ರೀ ಲೋಟ ತೊಳೆಯುತ್ತ “ಇವ್ರಾದ್ರೆ ಆಗ್ಬೋದಮ್ಮ” ಅಂದಳು. ಆ ಮನೆಯಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಬೆಳ್ಳಪ್ಪನವರು ಜಗಲಿಗೆ ಹೋಗಿ ಸುಮ್ಮನೆ ಕಣ್ಣೊರೆಸಿಕೊಂಡರು. ಇನ್ನು ಏನು ಬೇಕಾದರೂ ಆಗಲಿ, ಈ ಸಂಬಂಧ ಮಾತ್ರ ತಪ್ಪಬಾರದು ಎಂಬುದೊಂದೇ ಅವರ ತಲೆಯಲ್ಲಿತ್ತು.

ಹೊರಡುವಾಗ ಮಂಜುನಾಥಪ್ಪನವರು ಇವರ ಎರಡೂ ಕೈ ಹಿಡಿದುಕೊಂಡು “ನಿಮ್ಮಂಥೋರ ನೆಂಟಸ್ತನ ಸಿಕ್ಕಿದ್ದು ನಮ್ ಪುಣ್ಯ. ಒಂದು ಗುಟ್ಟಿನ ವಿಷಯ ಉಂಟು. ಫೋನ್ ಮಾಡ್ತೀನಿ” ಎಂದು ಪಿಸುಗುಟ್ಟಿದ್ದರು.

ಆ ಗುಟ್ಟೇನೆಂದು ಓದುಗರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಮಂಜುನಾಥಪ್ಪನವರು ಹೆಂಡತಿ ಕುಮುದಾಗೆ ತಿಳಿಯದಂತೆ ಕೆಲವು ವರ್ಷಗಳ ಹಿಂದೆ ಬ್ಲಾಕ್‌ಚೈನಿನಲ್ಲಿ ಸ್ವಲ್ಪ ಡಿಜಿಟಲ್ ಕಾಯಿನ್ ಕೊಂಡಿದ್ದರು. ಬ್ಲಾಕ್‌ಚೈನ್ ಎಂದರೆ ಏನು ಎಂದು ವಿವರಿಸುವ ಯೋಗ್ಯತೆ ಈ ಕಥೆ ಹೇಳುವವನಿಗಿಲ್ಲ. ತಿಳಿದವರನ್ನು ಮೂರು ಸಲ ಕೇಳಿ, ಮೂರು ಸಲವೂ ‘ಓಹೋ’ ಎಂದು ತಲೆಯಾಡಿಸಿ ಎದ್ದು ಬಂದದ್ದಾಗಿದೆ. ಅರ್ಥವಾದದ್ದು ಇಷ್ಟು: ಅದು ಎಲ್ಲರ ಕಣ್ಣೆದುರಿಗೇ ಇಟ್ಟ ಪೆಟ್ಟಿಗೆ, ಅದರ ಬೀಗ ತೆಗೆಯಲು ಹನ್ನೆರಡು ಇಂಗ್ಲಿಷ್ ಪದಗಳು ಬೇಕು. ಆ ಪದಗಳನ್ನು ಮಂಜುನಾಥಪ್ಪನವರು ಗೋಡೌನಿನ ಬಾಗಿಲ ಹಿಂದೆ ಚಾಕ್‌ಪೀಸಿನಲ್ಲಿ ಬರೆದಿಟ್ಟಿದ್ದರು. ಇತ್ತೀಚೆಗೆ ಅವರು ಮೊಬೈಲಿನಲ್ಲಿ ಒಂದು ವೀಡಿಯೋ ನೋಡಿದ್ದರು. ಕ್ವಾಂಟಂ ಕಂಪ್ಯೂಟರ್ ಎಂಬುದು ಬರಲಿದೆ, ಬಂದ ದಿನ ಬ್ಲಾಕ್‌ಚೈನಿನ ಹಳೇ ಬೀಗಗಳನ್ನೆಲ್ಲ ಮುರಿಯಲಿದೆ ಎಂದು ಅದರಲ್ಲಿ ಒಬ್ಬ ಗಡ್ಡದವನು ಹೇಳಿದ್ದ. ಅಂದಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥ ಹೊತ್ತಿಗೆ ಬ್ಲಾಕ್‌ಚೈನ್ ಮ್ಯಾನೇಜರೇ ಬೀಗರಾಗಿ ಬಂದರೆ ಯಾರಾದರೂ ದೇವರು ಕಳಿಸಿದ್ದೆಂದೇ ತಿಳಿಯುತ್ತಾರೆ.

ಫೋನು ಬಂದದ್ದು ಒಂದು ಸಂಜೆ.

“ಬೀಗರೇ, ನೀವು ಬ್ಲಾಕ್‌ಚೈನಲ್ಲಿ ತುಂಬಾ ವರ್ಷ ಇದ್ರಲ್ಲ?”

“ಇದ್ದೆ ಇದ್ದೆ. ಮೂವತ್ತು ವರ್ಷ ಅದರ ತುದಿ ಬಿಟ್ಟವನಲ್ಲ” ಎಂದರು ಬೆಳ್ಳಪ್ಪ, ತಮ್ಮ ಹುದ್ದೆಯನ್ನು ಇಷ್ಟು ಗೌರವದಿಂದ ಕೇಳಿದ ಮೊದಲ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತ.

“ಮೂವತ್ತು ವರ್ಷ! ಅದು ಹುಟ್ಟೋಕಿಂತ ಮುಂಚಿಂದ್ಲೂ!” ಎಂದು ಆ ಕಡೆಯವರು ಉಸಿರೆಳೆದುಕೊಂಡರು. “ನಂದೂ ಸ್ವಲ್ಪ ಅದೆ ಅದ್ರಲ್ಲಿ. ಮನೇಲಿ ಗೊತ್ತಿಲ್ಲ.”

“ಯಾರ ಹೆಸರಲ್ಲಿದೆ?”

“ಅದ್ರಲ್ಲಿ ಹೆಸರೇ ಇರಲ್ವಲ್ಲ ಮಾರಾಯ್ರೇ.”

ಬೆಳ್ಳಪ್ಪನವರಿಗೆ ತಟ್ಟನೆ ಎಲ್ಲವೂ ಅರ್ಥವಾಯಿತು. ಹೆಸರಿಲ್ಲ, ಹೆಂಡತಿಗೆ ಗೊತ್ತಿಲ್ಲ, ಗುಟ್ಟು ಬೇರೆ. ಬೀಗರು ಎಲ್ಲೋ ಸರ್ಕಾರಿ ಜಾಗಕ್ಕೆ ಬೇಲಿ ಹಾಕಿಕೊಂಡು ಬಗರ್‌ಹುಕುಂ ಮಾಡಿ ಕೂತಿದ್ದಾರೆ! ಅವರು ದನಿ ತಗ್ಗಿಸಿದರು.

“ಹೆದರ್ಬೇಡಿ. ಈ ಸೀಮೇಲಿ ಹಂಗೆ ಇಟ್ಕೊಂಡೋರು ಬೇಕಾದಷ್ಟು ಜನ ಇದಾರೆ.”

“ಅಲ್ಲ, ಹೊಸ ಮಿಷನ್ ಬರುತ್ತಂತಲ್ಲ, ಕ್ವಾಂಟಂ ಅಂತ. ಅದು ಬಂದ್ರೆ ಚೈನಿನ ಕಥೆ ಮುಗೀತು ಅಂತಾರೆ. ಹೌದನಾ?”

ಇಲ್ಲಿ ಬೆಳ್ಳಪ್ಪನವರ ಹಳೆಯ ಗಾಯ ಕೆರೆದಂತಾಯಿತು. ಸರಪಳಿ ಹೋಗಿ ಉಪಗ್ರಹದಿಂದ ಅಳೆಯುವ ಯಂತ್ರ ಬಂದಾಗಲೇ ಅವರ ಕೆಲಸಕ್ಕೆ ಇದ್ದ ಮಾನ ಹೋಗಿತ್ತು. ಆ ಯಂತ್ರದ ಹೆಸರು ಅವರಿಗೆ ಎಂದೂ ನೆನಪಿನಲ್ಲಿ ನಿಂತಿರಲಿಲ್ಲ. ಕ್ವಾಂಟಂ ಅಂತಲೇ ಇದ್ದೀತು ಎಂದುಕೊಂಡರು.

“ಬರೋದೆಂತದು, ಬಂದು ಯಾವ ಕಾಲ ಆಯ್ತು! ಹಳದಿ ಪೆಟ್ಟಿಗೇಲಿ ಇರುತ್ತಲ್ಲ, ಅದೇ ತಾನೆ?”

“ಪೆಟ್ಟಿಗೆ ಬಣ್ಣನೂ ಗೊತ್ತಾ ನಿಮಗೆ?”

“ಗೊತ್ತಿಲ್ದೆ ಎಂತ? ಹೊಸನಗರದ ಶಿವಮೂರ್ತಿ ಹತ್ರ ಒಂದಿದೆ. ಬೈಕಿನ ಹಿಂದೆ ಕಟ್ಕೊಂಡು ತಿರುಗ್ತಾನೆ. ಗದ್ದೆ ಅಂಚಿಗೆ ನಿಲ್ಸಿದ್ರೆ ಸೀದಾ ಆಕಾಶದ ಜೊತೆ ಮಾತಾಡುತ್ತೆ. ಅದರೆದುರು ಯಾವ ಚೈನೂ ನಿಲ್ಲಲ್ಲ ಬೀಗರೇ. ನಾನೇ ಕಣ್ಣಾರೆ ನೋಡಿದೀನಿ.”

ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರಾಟ ಕೇಳಿಸಿತು. ಜಗತ್ತಿನ ವಿಜ್ಞಾನಿಗಳು ಇನ್ನೂ ಪ್ರಯೋಗಾಲಯದಲ್ಲಿ ತಿಣುಕುತ್ತಿರುವಾಗ ಹೊಸನಗರದಲ್ಲಿ ಅದು ಬೈಕ್ ಹತ್ತಿ ಓಡಾಡುತ್ತಿದೆ ಎಂಬ ಸುದ್ದಿಯನ್ನು ಅರಗಿಸಿಕೊಳ್ಳಲು ಅಷ್ಟು ಹೊತ್ತು ಬೇಕಲ್ಲ.

“ಹಂಗಾರೆ ನಾನೀಗ ಎಂತ ಮಾಡ್ಲಿ? ಗೋಡೌನ್ ಬಾಗಿಲ ಹಿಂದೆ ಚಾಕ್‌ಪೀಸಲ್ಲಿ ಬರ್ದಿಟ್ಟಿದೀನಿ. ಮೊಬೈಲಲ್ಲೂ ಅದೆ.”

ಚಾಕ್‌ಪೀಸಿನಲ್ಲಿ ಜಾಗದ ಅಳತೆ ಬರೆದುಕೊಂಡಿರುವ ಬೀಗರ ಮುಗ್ಧತೆಗೆ ಬೆಳ್ಳಪ್ಪನವರಿಗೆ ಕನಿಕರ ಬಂತು. ಕೊನೆಗೂ ಅವರು, ಜೀವನದಲ್ಲಿ ಮೊದಲ ಸಲ, ‘ಇಲ್ಲಿದೆ ಸಾರ್’ ಅಲ್ಲದ ಒಂದು ತಜ್ಞರ ಮಾತು ಹೇಳಿದರು.

“ಹಳೇದನ್ನ ನಂಬ್ಕೊಂಡು ಕೂರ್ಬೇಡಿ. ನಾಳೆನೇ ಅಳ್ಸಿಬಿಡಿ.”

“ಅಳ್ಸಿಬಿಡ್ಲಾ?”

“ಅಳ್ಸಿಬಿಡಿ! ಮೊಬೈಲಿಂದ್ಲೂ ಅಳ್ಸಬಹುದು ಈಗೆಲ್ಲ. ಒಂದ್ಸಲ ಅಳ್ಸಿಬಿಟ್ರೆ ಮುಗೀತು, ಆಮೇಲೆ ಯಾವನೂ ಒಂದಿಂಚು ಮುಟ್ಟೋಕಾಗಲ್ಲ.”

ಕನ್ನಡ ಬಹಳ ಸೊಗಸಾದ ಭಾಷೆ. ಇದರಲ್ಲಿ ಸರ್ವೇಯರನ್ನು ಕರೆದು ಜಾಗವನ್ನು ಅಳೆಸಬಹುದು, ಒದ್ದೆ ಬಟ್ಟೆಯಿಂದ ಬರಹವನ್ನು ಅಳಿಸಬಹುದು, ಚಿವುಟಿ ಮಗುವನ್ನು ಅಳಿಸಬಹುದು. ಪುಸ್ತಕದಲ್ಲಾದರೆ ಒಂದು ಎತ್ವ ಅಡ್ಡ ನಿಂತು ಒಂದನ್ನಾದರೂ ಬೇರೆ ಮಾಡೀತು. ಆದರೆ ಸಾಗರದ ನಾಲಿಗೆಯಿಂದ ಹೊರಟು ಫೋನಿನಲ್ಲಿ ಹಾದು ತೀರ್ಥಹಳ್ಳಿಯ ಕಿವಿ ಸೇರುವಷ್ಟರಲ್ಲಿ ಎಲ್ಲವೂ ‘ಅಳ್ಸಿಬಿಡಿ’ ಆಗಿಬಿಡುತ್ತವೆ. ಬೆಳ್ಳಪ್ಪನವರು ಹೇಳಿದ್ದು ಸರ್ವೆ ಮಾಡಿಸಿ ಎಂದು. ಮಂಜುನಾಥಪ್ಪನವರು ಅಂದೇ ಗೋಡೌನಿಗೆ ಹೋಗಿ, ಬಕೆಟ್ಟಿನಲ್ಲಿ ನೀರು ತುಂಬಿ, ಬಾಗಿಲನ್ನು ಬಣ್ಣ ಹೋಗುವಷ್ಟು ಉಜ್ಜಿದರು. ಆಮೇಲೆ ಮೊಬೈಲಿನಲ್ಲಿದ್ದದ್ದನ್ನೂ ತೆಗೆದುಹಾಕಿ, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮಂಜುನಾಥಪ್ಪನವರು ಪರೋಪಕಾರಿ. ಊರಿನಲ್ಲಿ ತಮ್ಮ ಹಾಗೆಯೇ ಮನೆಯವರಿಗೆ ಹೇಳದೆ ಕಾಯಿನ್ ಕೊಂಡ ಕೆಲವರ ವಾಟ್ಸಾಪ್ ಗುಂಪಿನಲ್ಲಿ ಒಂದು ಎಚ್ಚರಿಕೆ ಹಾಕಿದರು. ಅದು ಕೈಯಿಂದ ಕೈಗೆ ದಾಟಿ, ದಾಟಿದಲ್ಲೆಲ್ಲ ಮೈ ತುಂಬಿಕೊಂಡು, ಬೆಳಗಾಗುವಷ್ಟರಲ್ಲಿ ಸಾಗರಕ್ಕೇ ವಾಪಸು ಬಂತು. ಪಕ್ಕದ ಮನೆಯ ಹೂವಯ್ಯ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದ.

“ಬೆಳ್ಳಪ್ಪಣ್ಣ, ಹೊಸನಗರಕ್ಕೆ ಎಂತದೋ ಬಂದಿದೆಯಂತೆ! ಬ್ಯಾಂಕಲ್ಲಿದ್ದದ್ನೆಲ್ಲ ಆಕಾಶಕ್ಕೆ ಎಳ್ಕೊಳ್ತದಂತೆ! ವಾಸನೆ ಇಲ್ವಂತೆ, ಸದ್ದಿಲ್ವಂತೆ, ಬಣ್ಣ ಮಾತ್ರ ಹಳದಿಯಂತೆ!”

ಬೆಳ್ಳಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ಕೊನೆಯ ಸಾಲು ಹೀಗಿತ್ತು: ‘ಇದನ್ನು ಹೆಸರು ಹೇಳಲಿಚ್ಛಿಸದ ಸಾಗರದ ನಿವೃತ್ತ ಬ್ಲಾಕ್‌ಚೈನ್ ಮ್ಯಾನೇಜರೊಬ್ಬರು ಖಚಿತಪಡಿಸಿದ್ದಾರೆ.’

ಏನೋ ತಪ್ಪಾಗಿದೆ ಎಂದು ಅವರಿಗೆ ಗೊತ್ತಾಯಿತು. ಎಲ್ಲಿ ತಪ್ಪಾಗಿದೆ ಎಂದು ಮಾತ್ರ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬೀಗರ ಫೋನು ಬಂತು. ತಾವು ನಾಲ್ಕು ಜನರನ್ನು ಜೀಪಿನಲ್ಲಿ ಕರೆದುಕೊಂಡು ಕ್ವಾಂಟಂ ನೋಡಲು ಹೊಸನಗರಕ್ಕೆ ಹೊರಟಿರುವುದಾಗಿಯೂ, ತಜ್ಞರಾದ ನೀವು ಬಂದು ಅದರ ಬಗ್ಗೆ ಎರಡು ಮಾತು ಹೇಳಬೇಕೆಂದೂ ಅಪ್ಪಣೆಯಾಯಿತು. ಬೆಳ್ಳಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ಬಸ್ಸು ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡರು. ಅಂದು ಬಸ್ಸು ಎಂದಿಗಿಂತ ಬೇಗ ತಲುಪಿತು.

ಶಿವಮೂರ್ತಿ ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಈಗ ಖಾಸಗಿಯಾಗಿ ಅಳತೆ ಮಾಡಿಕೊಡುವ ಪರವಾನಗಿ ಸರ್ವೇಯರ್. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅಂಗಳದ ತುಂಬ ಜನ. ಜಗಲಿಯ ಮೇಲಿದ್ದ ಹಳದಿ ಪೆಟ್ಟಿಗೆಯ ಸುತ್ತ ಯಾರೋ ಆಗಲೇ ಹಗ್ಗ ಕಟ್ಟಿದ್ದರು. ಜನ ಸೇರಿದ್ದಾರೆಂಬ ಒಂದೇ ಕಾರಣಕ್ಕೆ ಬಂದ ಪೊಲೀಸಪ್ಪ, ಒಳಗೇನಿದೆ ಎಂದು ತಿಳಿಯದಿದ್ದರೂ “ಹಿಂದೆ ಸರೀರಿ, ಹಿಂದೆ ಸರೀರಿ, ಸಿಡಿದ್ರೆ ನಾನು ಜವಾಬ್ದಾರನಲ್ಲ” ಎನ್ನುತ್ತಿದ್ದ. ಒಬ್ಬ ಹೆಂಗಸು ಮಗನ ಅಂಕಪಟ್ಟಿ ತಂದು, ಇದನ್ನು ಆ ಮಿಷನ್ನಿಗೆ ಒಂದ್ಸಲ ತೋರಿಸಿ ಗಣಿತದ ಮಾರ್ಕ್ಸ್ ಸರಿ ಮಾಡಿಕೊಡಿ ಎಂದು ಶಿವಮೂರ್ತಿಯ ಬೆನ್ನು ಬಿದ್ದಿದ್ದಳು.

“ಇದು ಜಾಗ ಅಳೆಯೋ ಮಿಷನ್ ಮಾರಾಯ್ರೇ!” ಶಿವಮೂರ್ತಿಯ ಗಂಟಲು ಆಗಲೇ ಒಡೆದಿತ್ತು.

“ದೊಡ್ಡ ವಿಷಯನೆಲ್ಲ ಹಿಂಗೇ ಮುಚ್ಚಿಡೋದು” ಎಂದು ಮಂಜುನಾಥಪ್ಪನವರು ತಮ್ಮವರಿಗೆ ವಿವರಿಸಿದರು. “ಇರಿ, ನಮ್ ಬೀಗರು ಬರ್ತಾರೆ. ಅವ್ರೆದುರು ಇವರ ಆಟ ನಡೆಯಲ್ಲ.”

ಬೀಗರು ಬಂದರು. ಜನ ದಾರಿ ಬಿಟ್ಟಿತು. ಪೊಲೀಸಪ್ಪ ಕೂಡ ಎದೆ ಸೆಟೆಸಿದ. ಶಿವಮೂರ್ತಿ ಮುಳುಗುವವನಿಗೆ ದಡ ಕಂಡಂತೆ ಕೂಗಿದ:

“ಓ ಬೆಳ್ಳಪ್ಪ! ನೀನಾದ್ರೂ ಹೇಳೋ ಮಾರಾಯ! ನಂಗೆ ಅಷ್ಟು ವರ್ಷ ಚೈನ್ ಎಳೆದೋನು ನೀನು, ನಿನ್ ಮಾತಾದ್ರೂ ಕೇಳ್ತಾರೇನೋ ನೋಡಣ.”

“ಎಳೆದೋನು?” ಎಂದರು ಮಂಜುನಾಥಪ್ಪ. “ಇವ್ರು ಮ್ಯಾನೇಜರ್ ಅಲ್ವಾ?”

“ಯಾವ ಮ್ಯಾನೇಜರ್ರಿ? ಚೈನಿನ ಆ ತುದಿ ಇವನು, ಈ ತುದಿ ನಾನು, ಮಧ್ಯೆ ಉಂಬಳ. ಬೇರೆ ಯಾವ ಮ್ಯಾನೇಜರೂ ಇರ್ಲಿಲ್ಲ.”

ಮಂಜುನಾಥಪ್ಪನವರು ಬೆಳ್ಳಪ್ಪನವರ ಕಡೆ ತಿರುಗಿದರು.

“ಹಂಗಾದ್ರೆ ನೀವು ಅಳ್ಸಿ ಅಂದಿದ್ದು?”

“ಜಾಗ… ನಿಮ್ ಬಗರ್‌ಹುಕುಂ ಜಾಗ ಅಳ್ಸಿ ಅಂದೆ. ಸರ್ವೆಗೆ.”

“ನಂಗೆ ಅಂಗಡಿ ಬಿಟ್ರೆ ಬೇರೆ ಜಾಗವೇ ಇಲ್ಲ! ನಾನು ಒರೆಸಿ ಅಳ್ಸಿಬಿಟ್ಟೆ! ಬಕೆಟ್ ನೀರು ಹಾಕಿ ಅಳ್ಸಿಬಿಟ್ಟೆ!” ಎಂದು ಮಂಜುನಾಥಪ್ಪನವರು ಹಗ್ಗ ದಾಟಿ ಹೋಗಿ ಆ ಹಳದಿ ಪೆಟ್ಟಿಗೆಯ ಮೇಲೆಯೇ ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ತುಂಬಿತು.

ಪೊಲೀಸಪ್ಪ ನೋಟ್‌ಬುಕ್ಕಿಗೆ ಕೈ ಹಾಕಿದ. “ಯಾರ್ರೀ ಇವ್ರನ್ನ ಅಳ್ಸಿದ್ದು?”

ಬೆಳ್ಳಪ್ಪನವರು ಕೈ ಎತ್ತಿದರು. ಅಷ್ಟು ಪ್ರಾಮಾಣಿಕತೆ ಅವರಲ್ಲಿ ಇನ್ನೂ ಉಳಿದಿತ್ತು.

ಆಮೇಲೆ ನೆರೆದವರೆಲ್ಲ ಸೇರಿ ಆ ಹನ್ನೆರಡು ಪದಗಳನ್ನು ನೆನಪು ಮಾಡಿಸಲು ಹೊರಟರು. ಒಂದು ಹಣ್ಣಿನ ಹೆಸರಿತ್ತು ಎಂದರು ಮಂಜುನಾಥಪ್ಪ. ‘ಹಲಸು’ ಎಂದ ಒಬ್ಬ. ‘ಮುರುಗಲು’ ಎಂದ ಇನ್ನೊಬ್ಬ. ಇಂಗ್ಲಿಷ್ ಮಾರಾಯ್ರೇ ಎಂದರೆ ‘ಜಾಕ್‌ಫ್ರೂಟ್’ ಎಂದು ಮೊದಲಿನವನೇ ಮತ್ತೆ ಹೇಳಿದ. ಬಿಸಿಲೇರುವವರೆಗೂ ಹೊಸನಗರಕ್ಕೆ ಗೊತ್ತಿದ್ದ ಇಂಗ್ಲಿಷೆಲ್ಲ ಖರ್ಚಾಯಿತು. ಬೀಗ ತೆಗೆಯುವ ಪದಗಳು ಮಾತ್ರ ಸಿಗಲಿಲ್ಲ.

ಬೆಳ್ಳಪ್ಪನವರು ಮನೆಗೆ ಬಂದು ನಡೆದದ್ದೆಲ್ಲ ಹೇಳಿದರು. ಅವರ ಹೆಂಡತಿಗೆ ಮೂಕಮ್ಮ ಎಂದು ಹೆಸರಿಟ್ಟದ್ದು ಕೊಲ್ಲೂರಿನ ದೇವಿಯ ನೆನಪಿಗೆ. ಅವರ ಸ್ವಭಾವಕ್ಕೂ ಆ ಹೆಸರಿಗೂ ಸಂಬಂಧವಿಲ್ಲ.

“ಬ್ಲಾಕ್ ಅಂತೆ ಬ್ಲಾಕು! ಜೀವಮಾನದಲ್ಲಿ ಮನೆ ಬಾಗಿಲ ಚಿಲಕ ನೆಟ್ಟಗೆ ಹಾಕಕ್ಕೆ ಬರಲ್ಲ, ಊರೋರ ಬೀಗಕ್ಕೆ ಸಲಹೆ ಕೊಡಕ್ಕೆ ಹೋದ್ರಲ್ಲ! ಅವಳು ಆಗ್ಲಿ ಅಂದಿದ್ದೇ ಒಂದು ಗಂಡಿಗೆ. ಅದನ್ನೂ ತಪ್ಪಿಸಿದ್ರಿ.”

ಹೆಂಡತಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ಬೆಳ್ಳಪ್ಪನವರು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ಮಾರನೆಯ ಬೆಳಿಗ್ಗೆ ದೀಪಶ್ರೀ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಅವಳು ನಗದೆ ಹೋದದ್ದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ತೀರ್ಥಹಳ್ಳಿಯಿಂದ ‘ಭಾನುವಾರ ಬರ್ತೀವಿ, ಮಾತಾಡೋದಿದೆ’ ಎಂಬ ಒಂದೇ ಒಂದು ಸಾಲಿನ ಸಂದೇಶ ಬಂತು.

ಭಾನುವಾರ ಮಂಜುನಾಥಪ್ಪ, ಕುಮುದಾ, ಯೋಗರಾಜ್ ಮೂವರೂ ಬಂದು ಕೂತರು. ಈ ಸಲ ಉಪ್ಪಿಟ್ಟಿನ ಕಡೆ ಯಾರೂ ನೋಡಲಿಲ್ಲ. ವಿಷಯವೆಲ್ಲ ಕುಮುದಾಗೆ ತಿಳಿದಿದೆ ಎಂಬುದು ಮಂಜುನಾಥಪ್ಪನವರ ಬಾಡಿದ ಮುಖದಲ್ಲಿಯೇ ಕಾಣುತ್ತಿತ್ತು.

ಬೆಳ್ಳಪ್ಪನವರು ಒಂದು ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದರು: ‘ಅದು ಸುಳ್ಳಲ್ಲ, ಅಚ್ಚಿನ ತಪ್ಪು.’ ಬಾಯಿ ತೆರೆದಾಗ ಬೇರೆಯೇ ಬಂತು.

“ಸುಳ್ಳೇ ಬೀಗರೇ. ಡಿಟಿಪಿ ಹುಡುಗಿ ತಪ್ಪು ಹಾಕಿದ್ಲು, ನಾನು ತಿದ್ದಿಸ್ಲಿಲ್ಲ. ಓದಕ್ಕೆ ಚೆನ್ನಾಗಿತ್ತು, ಅದಕ್ಕೆ.”

“ಈ ಸಂಬಂಧ…” ಎಂದು ಮಂಜುನಾಥಪ್ಪನವರು ಗಂಟಲು ಸರಿಮಾಡಿಕೊಂಡರು.

ಬಾಗಿಲ ಬಳಿ ನಿಂತಿದ್ದ ದೀಪಶ್ರೀ ಮುಂದೆ ಬಂದಳು. “ಬೇಡ ಅನ್ನೋದಾದ್ರೆ ಅನ್ನಿ ಮಾವ. ನಂಗೆ ಬೇಜಾರಾಗುತ್ತೆ, ತುಂಬಾ ಆಗುತ್ತೆ. ಆದ್ರೆ ಸುಳ್ಳು ಹೇಳಿದ್ರು ಅಂತ ಬೇಡ ಅನ್ನಿ, ಅದು ಸರಿ. ಚೈನ್ ಎಳೆದೋರು ಅಂತ ಮಾತ್ರ ಅನ್ಬೇಡಿ. ಅಪ್ಪ ಕಾಲು ತುಂಬ ಉಂಬಳ ಕಚ್ಚಿಸ್ಕೊಂಡು ಬಂದು ಉಪ್ಪು ಹಚ್ಕೊಳ್ತಾ ನಂಗೆ ಮಗ್ಗಿ ಹೇಳ್ಕೊಟ್ಟಿದಾರೆ. ನಂಗೆ ಅದರ ಬಗ್ಗೆ ನಾಚಿಕೆ ಇಲ್ಲ.”

ಬೆಳ್ಳಪ್ಪನವರು ತಲೆ ತಗ್ಗಿಸಿ ತಮ್ಮ ಕಾಲು ನೋಡಿಕೊಂಡರು. ನಾಚಿಕೆ ಇದ್ದದ್ದು ತಮಗೆ ಮಾತ್ರ ಎಂದು ಅವರಿಗೆ ಆಗ ಹೊಳೆಯಿತು.

“ಹೆಂಡತಿಗೇ ಹೇಳ್ದೆ ಇಟ್ಕೊಂಡೋರು ಸುಳ್ಳಿನ ವಿಷಯ ಯಾಕೆ ಎತ್ತಾರೆ, ಎತ್ತಲ್ಲ” ಎಂದರು ಕುಮುದಾ, ಗಂಡನ ಕಡೆ ನೋಡದೆ.

“ಅಲ್ವೇ, ಹೋಗಿದ್ದು ನಂದು…” ಎಂದು ಮಂಜುನಾಥಪ್ಪ ಗೊಣಗಿದರು.

ಆಗ ಯೋಗರಾಜ್ ಮೊದಲ ಸಲ ಬಾಯಿಬಿಟ್ಟ. “ಹೋಗಿಲ್ಲ ಅಪ್ಪ. ಅಲ್ಲೇ ಇದೆ. ಬೀಗ ತೆಗೆಯೋಕಾಗಲ್ಲ ಅಷ್ಟೇ.”

“ಯಾರ ಕೈಲೂ ಆಗಲ್ವಾ?”

“ಈಗಿರೋ ಯಾವ ಕಂಪ್ಯೂಟರಿಗೂ ಆಗಲ್ಲ. ಕ್ವಾಂಟಂ ಕಂಪ್ಯೂಟರ್ ದೊಡ್ಡದಾಗಿ ಬೆಳೆದು ಬಂದ್ರೆ ಒಂದ್ವೇಳೆ ತೆಗೀಬಹುದು.”

ಮಂಜುನಾಥಪ್ಪನವರು ಕೂತಲ್ಲಿಂದಲೇ ನೆಟ್ಟಗಾದರು. “ಕ್ವಾಂಟಮ್ಮಾ? ಅದೇ ಕ್ವಾಂಟಮ್ಮಾ?”

“ಅದೇ. ಅದಕ್ಕೆ ಹೆದರಿ ಎಲ್ಲರೂ ಅದಕ್ಕೂ ಬಗ್ಗದ ಹೊಸ ಬೀಗ ತಯಾರು ಮಾಡ್ತಿದಾರೆ. ಹೊಸದಕ್ಕೆ ಬದಲಾಯಿಸಿಕೊಂಡೋರದ್ದು ಬಚಾವ್. ಹಳೇ ಬೀಗದಲ್ಲೇ ಉಳಿದೋರದ್ದು ಮಾತ್ರ ಅದು ಮುರಿಯೋದು.”

“ನಮ್ದು?”

“ನಮ್ದು ಬದಲಾಯಿಸೋಕೆ ಆಗಲ್ವಲ್ಲ. ತೀರಾ ಹಳೇ ಬೀಗ.”

“ದೇವ್ರು ದೊಡ್ಡೋನು!” ಎಂದು ಮಂಜುನಾಥಪ್ಪನವರು ಕೈ ಮುಗಿದರು. ಅಷ್ಟು ದಿನ ಯಾವುದು ಬರಬಾರದೆಂದು ಅನ್ನ ಬಿಟ್ಟಿದ್ದರೋ, ಈಗ ಅದರ ಹೆಸರು ಕೇಳಿಯೇ ಉಪ್ಪಿಟ್ಟಿನ ತಟ್ಟೆ ಹತ್ತಿರ ಎಳೆದುಕೊಂಡರು. “ಎಲ್ಲಿವರೆಗೆ ಬಂದಿದೆ ಅದು?”

“ಹತ್ತು ವರ್ಷ ಅಂತಾರೆ. ಹದಿನೈದೂ ಆಗ್ಬೋದು. ಬಂದ ಮೇಲೂ ಬೇರೆ ಯಾರಾದ್ರೂ ನಮಗಿಂತ ಮುಂಚೆ ತೆಗೆದ್ರೆ…”

ಆ ಕೊನೆಯ ಮಾತನ್ನು ಮಂಜುನಾಥಪ್ಪ ಕೇಳಿಸಿಕೊಳ್ಳಲಿಲ್ಲ. ಅವರು ಒಂದು ತುತ್ತು ನುಂಗಿ, ಬಹಳ ಹೊತ್ತು ಯೋಚಿಸಿ, ಬೆಳ್ಳಪ್ಪನವರ ಕಡೆ ಬೆರಳು ತೋರಿಸಿದರು.

“ಹದಿನೈದು ವರ್ಷ ಕಾಯ್ಬೇಕು ನಾನು. ಅಷ್ಟು ವರ್ಷ ಸಿಟ್ಟು ಬಂದಾಗೆಲ್ಲ ಬೈಯೋಕೆ ಈ ಮನುಷ್ಯ ನಂಗೆ ಕೈಗೆ ಸಿಗ್ಬೇಕು. ಸುಮ್ನೆ ಪರಿಚಯದೋನು ಅಂದ್ರೆ ತಪ್ಪಿಸ್ಕೊಂಡು ಹೋಗ್ತಾನೆ. ಬೀಗನಾದ್ರೆ ಎಲ್ಲೂ ಹೋಗಕ್ಕಾಗಲ್ಲ. ಕುಮುದಾ, ಮುಹೂರ್ತ ನೋಡ್ಸು.”

ಮೂಕಮ್ಮನವರು ಒಳಗೆ ಓಡಿಹೋಗಿ ಅಳುತ್ತಲೇ ಕಾಫಿಗೆ ಎಸರಿಟ್ಟರು. ದೀಪಶ್ರೀ ನಕ್ಕಳು. ಯೋಗರಾಜನನ್ನು ನೋಡಿ ನಕ್ಕಳು, ಆಮೇಲೆ ಅಪ್ಪನನ್ನು ನೋಡಿಯೂ ನಕ್ಕಳು. ಬೆಳ್ಳಪ್ಪನವರಿಗೆ ಅಷ್ಟು ಸಾಕಾಗಿತ್ತು.

ಲಗ್ನಪತ್ರಿಕೆಯನ್ನು ಟೈಪ್ ಮಾಡಿಸುವಾಗ ಅವರು ರಂಜನಾಳ ಕುರ್ಚಿಯ ಹಿಂದೆಯೇ ನಿಂತು, ‘ನಿವೃತ್ತ ಚೈನ್‌ಮನ್’ ಎಂಬುದು ಅಚ್ಚಾಗಿ ಹೊರಬರುವವರೆಗೂ ಅವಳ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮೊದಲ ಪತ್ರಿಕೆಯನ್ನು ದೇವರ ಮುಂದಿಡಲು ಎರಡೂ ಮನೆಯವರು ಇಕ್ಕೇರಿಗೆ ಹೋದರು. ಅಘೋರೇಶ್ವರನ ಎದುರು ಮಂಜುನಾಥಪ್ಪನವರು ತಮ್ಮದೂ ಒಂದು ಬೇರೆ ಅರ್ಚನೆ ಇದೆ ಎಂದರು. ಅರ್ಚಕರು ಹೂವು ಹಿಡಿದುಕೊಂಡು ಕೇಳಿದರು.

“ಯಾವ ಕಾರ್ಯ ಆಗಬೇಕು?”

“ಕ್ವಾಂಟಂ ಕಂಪ್ಯೂಟರ್ ಬೇಗ ಬರಬೇಕು ಸ್ವಾಮಿ.”

ಅರ್ಚಕರು ಒಂದು ಕ್ಷಣ ಅವರ ಮುಖ ನೋಡಿದರು. ಭಕ್ತರು ಮಳೆ ಕೇಳಿದ್ದುಂಟು, ಮಕ್ಕಳನ್ನು ಕೇಳಿದ್ದುಂಟು, ವರ್ಗಾವಣೆ ಕೇಳಿದ್ದುಂಟು. ಅವರು ಯಾರಿಗೂ ಇಲ್ಲವೆಂದವರಲ್ಲ. ಕಣ್ಣು ಮುಚ್ಚಿ, ರಾಗ ಕೆಡದ ಹಾಗೆ ಸಂಕಲ್ಪ ಹೇಳಿದರು: “ಕ್ವಾಂಟಂ ಗಣಕಯಂತ್ರ ಶೀಘ್ರಾಗಮನ ಸಿದ್ಧ್ಯರ್ಥಂ…”

ಮಂಜುನಾಥಪ್ಪನವರು ಭಕ್ತಿಯಿಂದ ಅಡ್ಡಬಿದ್ದರು. ಅವರ ಪಕ್ಕದಲ್ಲಿ ಬೆಳ್ಳಪ್ಪನವರೂ ಅಡ್ಡಬಿದ್ದು, ಕಲ್ಲಿನ ನೆಲಕ್ಕೆ ಹಣೆ ಹಚ್ಚಿ, ಬೀಗರಿಗೆ ಕೇಳಿಸದಷ್ಟು ಮೆಲ್ಲಗೆ ತಮ್ಮದೊಂದು ಮಾತು ಸೇರಿಸಿದರು: “ಬರ್ಲಿ ಸ್ವಾಮಿ, ಆದ್ರೆ ಅವಸರ ಮಾಡ್ಬೇಡ. ಅದು ಬರೋವರೆಗೆ ಇವ್ರು ನಮ್ ನೆಂಟಸ್ತನ ಬಿಡೋ ಹಂಗಿಲ್ಲ.”